ಹೆಸರು ಕೆತ್ತಿದ ಚೊಂಬನ್ನು ಬಫಿಂಗ್‌ಗೆ ಕೊಡಬೇಡಿ

ಹಳೆಯ ಹಿತ್ತಾಳೆ ಪಾತ್ರೆಗೆ ಗುಜರಿಯಲ್ಲಿ ಎರಡು ಬೆಲೆ. ಒಂದು ತೂಕದ ಬೆಲೆ, ಇನ್ನೊಂದು ಆಂಟಿಕ್ ಬೆಲೆ. ತೂಕಕ್ಕೆ ಹೋದದ್ದು ಕುಲುಮೆ ಸೇರಿ ಕರಗುತ್ತದೆ. ಆಂಟಿಕ್ ಅಂತ ಹೋದದ್ದು ಮೊದಲು ಬಫಿಂಗ್ ಮಷಿನ್ ಹತ್ತಿರ ಹೋಗಿ ಫಳಫಳ ಅಂತ ಹೊಳೆದು, ಆಮೇಲೆ ಯಾರದೋ ಮನೆಯ ಹಾಲ್‌ನಲ್ಲಿ ಗಿಡ ಇಡುವ ಕುಂಡವಾಗುತ್ತದೆ. ಎರಡು ದಾರಿಯಲ್ಲೂ ಪಾತ್ರೆಯ ಕಂಠದ ಹತ್ತಿರ ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರು ಅಳಿಸಿಹೋಗುತ್ತದೆ. ನನ್ನ ಸಂಕಟ ಇರುವುದು ಆ ಹೆಸರಿನ ಬಗ್ಗೆ.

ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ. ಈಗ ಕರೆಂಟ್ ಮಷಿನ್ ಬಂದಿದೆ, ಹಿಂದೆ ಸಣ್ಣ ಉಳಿ, ಸಣ್ಣ ಸುತ್ತಿಗೆ. ಅಕ್ಕಪಕ್ಕದ ಮನೆಗೆ ಸಾರು, ಪಾಯಸ ಹೋಗಿ ಬರುವಾಗ ಪಾತ್ರೆ ಅದಲುಬದಲಾಗದಿರಲಿ ಅಂತ ಹೆಸರು ಬೇಕಿತ್ತು. ಮದುವೆಗೆ ಕೊಟ್ಟ ಪಾತ್ರೆಯಾದರೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖು ಕೂಡ ಇರುತ್ತದೆ. ಗುಜರಿಯಲ್ಲಿ ಕೂತು ಇವನ್ನು ಒಂದೊಂದಾಗಿ ಓದಿ ನೋಡಿ. ಹೆಂಗಸರ ಹೆಸರೇ ಜಾಸ್ತಿ. ಲಕ್ಷ್ಮಮ್ಮ, ಸಾವಿತ್ರಮ್ಮ, ಪುಟ್ಟತಾಯಮ್ಮ. ಪಹಣಿಯಲ್ಲಿ ಗಂಡಸಿನ ಹೆಸರು, ಮನೆ ಪತ್ರದಲ್ಲಿ ಗಂಡಸಿನ ಹೆಸರು, ಅಂಗಡಿ ಬೋರ್ಡಿನಲ್ಲೂ ಗಂಡಸಿನ ಹೆಸರು ಇದ್ದ ಕಾಲ ಅದು. ಶಾಲೆಗೆ ಹೋಗದ, ಎಲ್ಲೂ ಸಹಿ ಹಾಕದ ಎಷ್ಟೋ ಹೆಂಗಸರ ಹೆಸರು ಬರಹದಲ್ಲಿ ಉಳಿದಿದ್ದರೆ ಅದು ಒಂದು ಕೊಳದಪ್ಪಲೆಯ ಮೇಲೆ ಮಾತ್ರ ಇರಬಹುದು. ಅದನ್ನು ಹೊಳಪು ಬರಲಿ ಅಂತ ಉಜ್ಜಿ ಅಳಿಸಿಬಿಡುತ್ತೇವೆ. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಬೆಂಗಳೂರಿನಲ್ಲಿ ಇದನ್ನೆಲ್ಲ ನೋಡಬೇಕಾದರೆ ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಕಡೆಗೆ ಬನ್ನಿ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಮುತ್ತ ರಸ್ತೆ ಬದಿಯಲ್ಲೇ ಟಾರ್ಪಾಲ್ ಹಾಸಿ ಸಾಮಾನು ಸುರಿದಿರುತ್ತಾರೆ. ಸಂಡೇ ಬಜಾರ್ ಅಂದರೆ ಯಾರಾದರೂ ದಾರಿ ತೋರಿಸುತ್ತಾರೆ. 2017ರಲ್ಲಿ ಚಿಕ್ಕಪೇಟೆಗೆ ಮೆಟ್ರೊ ಬಂದ ಮೇಲೆ ಗಾಡಿ ನಿಲ್ಲಿಸುವ ಪಾಡೂ ಇಲ್ಲ. ಮೊದಲ ನೋಟಕ್ಕೆ ಬೇಜಾರಾಗಬಹುದು, ಯಾಕೆಂದರೆ ಕಣ್ಣಿಗೆ ಬೀಳುವುದು ಹಳೇ ಶೂ, ಮಿಕ್ಸಿ ಜಾರು, ಚಾರ್ಜರು, ತುಕ್ಕು ಹಿಡಿದ ಸ್ಪ್ಯಾನರು, ರಿಮೋಟುಗಳ ರಾಶಿ. ಸ್ವಲ್ಪ ಕೂತುಕೊಳ್ಳಬೇಕು. ನಿಂತು ನೋಡುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ರಾಶಿಯ ಅಡಿಯಲ್ಲಿ ಅಡಕೊತ್ತು ಇರುತ್ತದೆ, ಸುಣ್ಣದ ಡಬ್ಬಿ ಇರುತ್ತದೆ, ಚಕ್ಕುಲಿ ಒರಳಿನ ಬಿಲ್ಲೆಗಳು ಒರಳಿಂದ ಬೇರೆಯಾಗಿ ಎಲ್ಲೋ ಬಿದ್ದಿರುತ್ತವೆ, ಅರ್ಧ ಚೆನ್ನೆಮಣೆ ಇರುತ್ತದೆ.

ಈ ಬಜಾರನ್ನು ಕೆಲವರು ಚೋರ್ ಬಜಾರ್ ಅಂತ ಕರೆಯುತ್ತಾರೆ. ಮುಂಬೈಯ ಮಟನ್ ಸ್ಟ್ರೀಟಿನ ಬಜಾರಿಗೆ ಅದು ಹೆಸರಾಗಿಯೇ ನಿಂತಿದೆ, ಅಲ್ಲಿ ಯಾರಿಗೂ ಬೇಸರವಿಲ್ಲ. ಆದರೆ ಇಲ್ಲಿ ಟಾರ್ಪಾಲ್ ಮೇಲೆ ಕೂತ ಮುದುಕನ ಎದುರೇ ಆ ಮಾತು ಆಡುವುದು ನನಗೆ ಸರಿ ಕಾಣುವುದಿಲ್ಲ. ಬಿಲ್ ಇಲ್ಲದ ಮೊಬೈಲ್ ಕೊಳ್ಳಬೇಡಿ, ಆ ಎಚ್ಚರ ಎಲ್ಲ ಕಡೆಯೂ ಬೇಕು. ಪಾತ್ರೆ, ಗಡಿಯಾರ, ಫೋಟೊ, ಪುಸ್ತಕ ಬರುವ ದಾರಿಯೇ ಬೇರೆ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಚಾಮರಾಜಪೇಟೆಯಲ್ಲೋ ಒಂದು ಹಳೇ ಮನೆ ಕೆಡವುತ್ತಾರೆ, ಅಪಾರ್ಟ್‌ಮೆಂಟ್ ಬರುತ್ತದೆ. ಅಟ್ಟದ ಮೇಲಿದ್ದದ್ದು ಹೊಸ ಫ್ಲಾಟಿನಲ್ಲಿ ಹಿಡಿಸುವುದಿಲ್ಲ. ಮಕ್ಕಳು ಬೇರೆ ಊರಲ್ಲಿ, ಬೇರೆ ದೇಶದಲ್ಲಿ ಇರುತ್ತಾರೆ, ರಜೆ ಹಾಕಿ ಬಂದಿರುತ್ತಾರೆ, ಒಂದು ವಾರದಲ್ಲಿ ಮನೆ ಖಾಲಿ ಮಾಡಬೇಕು. ಗುಜರಿಯವರನ್ನು ಕರೆದು ಎಲ್ಲಾ ತಗೊಂಡು ಹೋಗಿ ಅನ್ನುತ್ತಾರೆ. ಅದಕ್ಕೂ ಹಿಂದೆ, ಬೀದಿಯಲ್ಲಿ ಬರುತ್ತಿದ್ದ ಪಾತ್ರೆ ವ್ಯಾಪಾರಿಗಳಿಗೆ ನಮ್ಮ ಅಜ್ಜಿಯರು ಹಿತ್ತಾಳೆ ಕೊಟ್ಟು ಸ್ಟೀಲ್ ತಗೊಂಡರು. ಹುಣಸೆಹಣ್ಣು ಹಾಕಿ ದಿನಾ ತಿಕ್ಕುವ ಕಷ್ಟ ಅವರಿಗೆ ತಪ್ಪಿತು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಫೋಟೊಗಳ ಪಾಡು ಪಾತ್ರೆಗಿಂತ ಕಷ್ಟ. ಅಂಗಡಿಯವರು ತೇಗದ ಫ್ರೇಮಿಗಾಗಿ ಫೋಟೊ ತರುತ್ತಾರೆ. ಫ್ರೇಮು ಮಾರಾಟವಾದಾಗ ಒಳಗಿನ ಫೋಟೊ ಪಕ್ಕಕ್ಕೆ ಬೀಳುತ್ತದೆ. ಜರಿ ಪೇಟ ಸುತ್ತಿದ ಗಂಡ, ಕುರ್ಚಿ ಮೇಲೆ ಬಿಗಿಯಾಗಿ ಕೂತ ಹೆಂಡತಿ, ಮಧ್ಯೆ ಮರದ ಕುದುರೆ ಮೇಲೆ ಮಗು. ಹಿಂದೆ ತಿರುಗಿಸಿದರೆ ಸ್ಟುಡಿಯೋದ ಮುದ್ರೆ ಇರುತ್ತದೆ, ಅದೃಷ್ಟ ಇದ್ದರೆ ಪೆನ್ಸಿಲ್‌ನಲ್ಲಿ ಬರೆದ ಒಂದು ಹೆಸರು. ರದ್ದಿ ಕಟ್ಟುಗಳಲ್ಲಿ ಮದುವೆ ಲಗ್ನಪತ್ರಿಕೆ, ದಿನಸಿ ಲೆಕ್ಕದ ಪುಸ್ತಕ, ರೇಡಿಯೊ ಲೈಸೆನ್ಸ್ ಪುಸ್ತಕ ಸಿಗುತ್ತವೆ. ಈಗಿನ ಹುಡುಗರು ನಂಬುವುದಿಲ್ಲ, ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಪೋಸ್ಟ್ ಆಫೀಸಿನಲ್ಲಿ ದುಡ್ಡು ಕಟ್ಟಿ ಪುಸ್ತಕದಲ್ಲಿ ಗುರುತು ಹಾಕಿಸಬೇಕಿತ್ತು. ಮರ್ಫಿ, ಬುಷ್ ರೇಡಿಯೊಗೆ ಸಾವಿರಾರು ರೂಪಾಯಿ ಕೊಡುವವರು ಆ ಪುಸ್ತಕವನ್ನು ತಿರುಗಿ ನೋಡುವುದಿಲ್ಲ. ನನಗೆ ಮಾತ್ರ ರೇಡಿಯೊಗಿಂತ ಪುಸ್ತಕವೇ ಹೆಚ್ಚು. ಯಾವ ಬೀದಿಯ ಯಾವ ಮನೆಯವರು ರೇಡಿಯೊ ಕೇಳುತ್ತಿದ್ದರು ಅಂತ ಅದು ಹೇಳುತ್ತದೆ.

ಅಳತೆ ಸಾಮಾನು ಕಂಡರೆ ಕೈಗೆತ್ತಿಕೊಳ್ಳಿ. ಸೇರು, ಅರ್ಧ ಸೇರು, ಪಾವು, ಚಟಾಕು. ಸರ್ಕಾರದ ಮುದ್ರೆ ಒತ್ತಿದ ಕಬ್ಬಿಣದ ತೂಕದ ಬಟ್ಟುಗಳು. 1956ರಲ್ಲಿ ಕಾನೂನು ಬಂದು ಕಿಲೋ, ಲೀಟರು ಜಾರಿಗೆ ಬಂದ ಮೇಲೆ ಇವು ಅಂಗಡಿಯಿಂದ ಹೊರಬಿದ್ದವು, ಅಡುಗೆಮನೆಯಲ್ಲಿ ಮಾತ್ರ ಬದುಕಿದವು. ಈಗಲೂ ಎಷ್ಟೋ ಮನೆಯಲ್ಲಿ ಅನ್ನಕ್ಕೆ ಅಕ್ಕಿ ಹಾಕುವುದು ಪಾವಿನ ಲೆಕ್ಕದಲ್ಲೇ ಅಲ್ವಾ? ಹಾಗಾಗಿ ಇದನ್ನು ಶೋಕೇಸಿಗೆ ತರಬೇಡಿ, ಅಕ್ಕಿ ಡಬ್ಬಿಗೆ ಹಾಕಿ.

ಬಳಸುವುದಾದರೆ ಸ್ವಲ್ಪ ತಿಳಿದುಕೊಂಡು ಕೊಳ್ಳಬೇಕು. ಜೇಬಿನಲ್ಲಿ ಸಣ್ಣ ಆಯಸ್ಕಾಂತ ಇರಲಿ. ಹಿತ್ತಾಳೆಗೂ ಕಂಚಿಗೂ ಅದು ಅಂಟುವುದಿಲ್ಲ, ಅಂಟಿದರೆ ಅದು ಬಣ್ಣ ಹೊಡೆದ ಕಬ್ಬಿಣ. ಕಂಚನ್ನು ಬೆರಳಿಂದ ತಟ್ಟಿದರೆ ನಾದ ತುಂಬ ಹೊತ್ತು ನಿಲ್ಲುತ್ತದೆ, ಹಿತ್ತಾಳೆ ಬೇಗ ಸುಮ್ಮನಾಗುತ್ತದೆ. ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಕಂಚು ಕೆಳಗೆ ಬಿದ್ದರೆ ಬಿರುಕು ಬಿಡುತ್ತದೆ, ಆದ್ದರಿಂದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರು ಕುದಿಸುವ ಆಸೆ ಇದ್ದರೆ ಒಳಗೆ ಕಲಾಯಿ ಹಾಕಿಸದೆ ಬೇಡವೇ ಬೇಡ.

ಮೋಸದ ಸಾಮಾನಿನ ಬಗ್ಗೆಯೂ ಹೇಳಿಬಿಡುತ್ತೇನೆ. ಫಳಫಳ ಹೊಳೆಯುವ ದೊಡ್ಡ ಹಿತ್ತಾಳೆ ಕಹಳೆ, ಮರದ ಪೆಟ್ಟಿಗೆ, ಮೇಲೆ ನಾಯಿ ಕೂತ ಎಚ್‌ಎಂವಿ ಚೀಟಿ ಇರುವ ಗ್ರಾಮಾಫೋನು ಕಂಡರೆ ಅನುಮಾನ ಇರಲಿ. ಇಂಥವನ್ನು ಹಳೇ ಪುರ್ಜೆ, ಹೊಸ ಕಹಳೆ ಸೇರಿಸಿ ಈಗಲೂ ಜೋಡಿಸುತ್ತಾರೆ. ಆ ದುಡ್ಡಿಗೆ ಅರಗಿನ 78 ಆರ್‌ಪಿಎಂ ಪ್ಲೇಟುಗಳನ್ನು ಹುಡುಕಿ. ಪಿ. ಕಾಳಿಂಗರಾಯರ ಭಾವಗೀತೆಯೋ ಟಿ. ಚೌಡಯ್ಯನವರ ಪಿಟೀಲೋ ಧೂಳಿನಲ್ಲಿ ಬಿದ್ದಿರಬಹುದು. ಈ ಪ್ಲೇಟು ಗಾಜಿನ ಹಾಗೆ ಒಡೆಯುತ್ತದೆ, ನಿಲ್ಲಿಸಿ ಇಡಿ. ರಾಮ, ಸೀತೆ, ಹನುಮಂತನ ಚಿತ್ರವಿದ್ದು ‘ಈಸ್ಟ್ ಇಂಡಿಯಾ ಕಂಪನಿ 1818’ ಅಂತ ಬರೆದ ನಾಣ್ಯ ಯಾರಾದರೂ ಕೊಟ್ಟರೆ ನಮಸ್ಕಾರ ಹೇಳಿ ಮುಂದೆ ಹೋಗಿ. ಕಂಪನಿ ಸರ್ಕಾರ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಅಕ್ಕಿ ಕಾಳು ಎಳೆಯುವ ತಾಮ್ರದ ಚೊಂಬು, ಕೋಟಿ ಬೆಲೆ, ವಿದೇಶಿ ಗಿರಾಕಿ ಅಂತ ಯಾರಾದರೂ ಪಿಸುಗುಟ್ಟಿದರೆ ಅಲ್ಲಿ ನಿಲ್ಲಲೇಬೇಡಿ. ರೈಸ್ ಪುಲ್ಲಿಂಗ್ ಹೆಸರಿನಲ್ಲಿ ಹೊಲ ಮನೆ ಕಳೆದುಕೊಂಡವರು ನಮ್ಮ ರಾಜ್ಯದಲ್ಲಿ ಇದ್ದಾರೆ.

ಎಚ್‌ಎಂಟಿ ವಾಚುಗಳಿಗೂ ಈ ಕಾಟ ಬಂದಿದೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆ ಅದು. ಜನತಾ, ಪೈಲಟ್, ಸೋನಾ, ಕಾಂಚನ್. ಕಾಲೇಜು ಪಾಸಾದರೆ ಎಚ್‌ಎಂಟಿ, ಮದುವೆಗೆ ಅಳಿಯನಿಗೆ ಎಚ್‌ಎಂಟಿ. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚಲು ಒಪ್ಪಿದ ಮೇಲೆ ಬೇಡಿಕೆ ಏರಿತು, ಹಳೇ ಮಷಿನ್‌ಗೆ ಹೊಸದಾಗಿ ಪ್ರಿಂಟ್ ಮಾಡಿದ ಡಯಲ್ ಕೂರಿಸಿ ಮಾರುವುದೂ ಏರಿತು. ಕಪ್ಪು ಡಯಲಿನ ಪೈಲಟ್ ವಿಷಯದಲ್ಲಿ ಇದು ಜಾಸ್ತಿ. ಡಯಲ್ ತೀರಾ ಹೊಸದಾಗಿ ಕಂಡು ಹಿಂದಿನ ಮುಚ್ಚಳ ಸವೆದಿದ್ದರೆ ಯೋಚಿಸಿ. ಡಯಲ್ ಹಳದಿಯಾಗಿದ್ದರೂ ಪರವಾಗಿಲ್ಲ, ಹಿಂದೆ ‘ನಿವೃತ್ತಿಯ ನೆನಪಿಗಾಗಿ’ ಅಂತ ಕೆತ್ತಿಸಿದ ವಾಚು ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ದೇವರ ವಿಗ್ರಹದ ವಿಷಯಕ್ಕೆ ಬಂದರೆ ನನ್ನ ಮಾತು ಕಠಿಣ. ಹಳೆಯದು, ದೇವಸ್ಥಾನದ್ದು ಅಂತ ಹೇಳಿ ಕೊಟ್ಟರೆ ಮುಟ್ಟಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ, ಹಳೇ ಶಿಲ್ಪ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಹಸ್ತಪ್ರತಿಗಳಿಗೆ 75 ವರ್ಷದ ಮಿತಿ. ಕಾಯ್ದೆಗಿಂತ ದೊಡ್ಡ ಮಾತು ಅಂದರೆ ಅದು ಯಾವುದೋ ಊರಿನವರು ಪೂಜೆ ಮಾಡುತ್ತಿದ್ದ ಮೂರ್ತಿ ಇರಬಹುದು. ಓಲೆಗರಿ ಕಟ್ಟು ಕಂಡರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೆ ತೋರಿಸಿ. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಗೊತ್ತಾದದ್ದು ಅಲ್ಲಿಗೆ ಬಂದ ಒಂದು ಓಲೆಗರಿ ಕಟ್ಟಿನಿಂದ, ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು.

ಇಷ್ಟೆಲ್ಲ ಯಾಕೆ ಅಂತ ಕೇಳುವವರು ಒಮ್ಮೆ ಮಣಿಪಾಲದ ಹೆರಿಟೇಜ್ ವಿಲೇಜ್ ನೋಡಿ ಬನ್ನಿ. ವಿಜಯನಾಥ ಶೆಣೈ ಅವರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು. ಕೆಡವುವ ಮನೆಗಳಿಂದ ಕಂಬ, ಬಾಗಿಲು, ಪಾತ್ರೆ, ಚಿತ್ರ ಎಲ್ಲವನ್ನೂ ಉಳಿಸಿ, ಕೊನೆಗೆ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ರಾಮನಗರದ ಜಾನಪದ ಲೋಕದಲ್ಲಿ ಎಚ್.ಎಲ್. ನಾಗೇಗೌಡರು ಬೀಸುವ ಕಲ್ಲು, ಕೂರಿಗೆ, ಮೀನಿನ ಕೂಳಿ, ಎಲ್ಲವನ್ನೂ ಗೌರವದಿಂದ ಇಡಿಸಿದರು. ಇವರಿಬ್ಬರೂ ವಸ್ತುವನ್ನು ಅದರ ಊರಿನ ಜೊತೆ, ಬಳಕೆಯ ಜೊತೆ ಇಟ್ಟರು. ನಮಗೆ ಮನೆ ಬಿಚ್ಚಿ ತರುವ ಶಕ್ತಿ ಇಲ್ಲ, ಒಂದು ಚೊಂಬು ಎಲ್ಲಿಂದ ಬಂತು ಅಂತ ಕೇಳುವ ಶಕ್ತಿ ಇದೆ.

ಕೇಳಿ ನೋಡಿ, ಅಂಗಡಿಯವರು ಹೇಳುತ್ತಾರೆ. ‘ಭಾಯ್, ಇದು ಯಾವ ಕಡೆಯಿಂದ ಬಂತು?’ ಅಂದರೆ ‘ಕೋಲಾರ ಸಾರ್, ಒಂದು ಶಾನುಭೋಗರ ಮನೇದು’ ಅನ್ನುವವರಿದ್ದಾರೆ. ಅಲ್ಲೇ ಫೋನಿನಲ್ಲಿ ಬರೆದುಕೊಳ್ಳಿ, ಆಮೇಲೆ ಚೀಟಿ ಮಾಡಿ ವಸ್ತುವಿನ ಒಳಗೆ ಹಾಕಿಡಿ. ಚೌಕಾಸಿ ಮಾಡಿ, ಅದು ಬಜಾರಿನ ರೀತಿ, ಆದರೆ ಬೋಣಿ ಆಗದ ಹೊತ್ತಿನಲ್ಲಿ ನೂರು ರೂಪಾಯಿ ಸಾಮಾನನ್ನು ಇಪ್ಪತ್ತಕ್ಕೆ ಕೇಳಿ, ಮನೆಗೆ ಬಂದು ಎರಡು ಸಾವಿರದ್ದು ಇಪ್ಪತ್ತಕ್ಕೆ ಹೊಡೆದೆ ಅಂತ ಪೋಸ್ಟ್ ಹಾಕುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅವರು ಮಳೆ ಬಂದರೆ ಇಡೀ ಭಾನುವಾರ ಕಳೆದುಕೊಳ್ಳುವವರು. ತೂಕಕ್ಕೆ ಹಾಕದೆ ನಮಗಾಗಿ ಎತ್ತಿಟ್ಟದ್ದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಮುಂದಿನ ವಾರ ಇನ್ನೊಂದನ್ನೂ ಎತ್ತಿಡುತ್ತಾರೆ.

ಕೊಂಡು ತಂದ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಕೈಯಲ್ಲೇ ತೊಳೆಯಿರಿ. ಹೆಸರಿನ ಜಾಗವನ್ನು ಮೆತ್ತಗೆ ಒರೆಸಿ. ಮಷಿನ್‌ಗೆ ಬೇಡ.

ಮನೆ ಖಾಲಿ ಮಾಡುತ್ತಿರುವವರಲ್ಲಿ ನನ್ನದೊಂದು ವಿನಂತಿ. ಗುಜರಿಯವರಿಗೆ ಫೋನ್ ಮಾಡುವ ಮುಂಚೆ ಪಾತ್ರೆಗಳನ್ನು ಒಮ್ಮೆ ನಡುಮನೆಗೆ ತಂದು ಜೋಡಿಸಿ. ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಕೂರಿಸಿಕೊಂಡು ಕೇಳಿ, ಈ ಹಂಡೆ ಯಾರು ಕೊಟ್ಟದ್ದು, ಈ ಹೆಸರಿನವರು ಯಾರು, ಇದರಲ್ಲಿ ಏನು ಮಾಡುತ್ತಿದ್ದರು ಅಂತ. ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಹೆಸರಿನ ಫೋಟೊ ತೆಗೆದುಕೊಳ್ಳಿ, ಮನೆಯವರಿಗೆಲ್ಲ ಕಳಿಸಿ. ಆಮೇಲೆ ಮಾರುವುದಾದರೆ ಮಾರಿ, ಅದರಲ್ಲಿ ತಪ್ಪೇನೂ ಇಲ್ಲ.