ನನಗೆ ನಾನೇ ಜಾಮೀನು

ಹಾಸನದ ಒಂದು ಬ್ಯಾಂಕ್ ಶಾಖೆಯ ಸಾಲ ವಿಭಾಗದಲ್ಲಿ 22 ವರ್ಷ ಕುಳಿತೆದ್ದ ನನಗೆ, ಜಾಮೀನು ಹಾಕಲು ಬಂದವರ ಮುಖ ನೋಡಿದರೆ ಸಾಕು, ಅವರು ಯಾರ ಮುಲಾಜಿಗೆ ಸಿಕ್ಕಿಕೊಂಡಿದ್ದಾರೆಂಬುದು ತಿಳಿಯುತ್ತಿತ್ತು. ಭಾವಮೈದುನನ ಟ್ರ್ಯಾಕ್ಟರ್ ಸಾಲಕ್ಕೆ ರುಜು ಮಾಡಬೇಕಾದವನು ಪೆನ್ನು ಹಿಡಿದುಕೊಂಡೇ ಒಮ್ಮೆ ಬಾಗಿಲ ಕಡೆ, ಒಮ್ಮೆ ಹೆಂಡತಿಯ ಕಡೆ ನೋಡುತ್ತಿದ್ದ. "ಇದು ಬರೀ ಫಾರ್ಮಾಲಿಟಿ, ಹಾಕಿ ಸ್ವಾಮಿ" ಎಂದು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ, ಆ ದೇವರೇ ಬಲ್ಲ. ಆ ಲೆಕ್ಕವನ್ನೆಲ್ಲ ಅವನು ಬಡ್ಡಿ ಸಮೇತ ಬರೆದಿಟ್ಟುಕೊಂಡಿದ್ದನೆಂಬುದು ನಾನು ಸ್ವಯಂ ನಿವೃತ್ತಿ ಪಡೆದು, ತಡವಾಗಿ ಮದುವೆಯಾಗಿ, ಅಮೆರಿಕದ ಹಸಿರು ಕಾರ್ಡಿಗೆ ಅರ್ಜಿ ಹಾಕಿದ ಮೇಲೆ ಗೊತ್ತಾಯಿತು.

ನನ್ನ ಹೆಂಡತಿ ಮೈಸೂರಿನವಳು. ಬಹಳ ವರ್ಷಗಳಿಂದ ನ್ಯೂಜೆರ್ಸಿಯಲ್ಲಿ ನೆಲೆಸಿ, ಅಲ್ಲಿನ ಪೌರತ್ವ ಪಡೆದು, ಮಕ್ಕಳಿಗೆ ವೀಣೆ ಹೇಳಿಕೊಡುತ್ತಾಳೆ. 2022ರಲ್ಲಿ, ಇಬ್ಬರಿಗೂ ತಲೆ ನರೆತ ಮೇಲೆ, ನಮ್ಮ ಮದುವೆಯಾಯಿತು. "ಧರ್ಮೇ ಚ ಅರ್ಥೇ ಚ ಕಾಮೇ ಚ ನಾತಿಚರಾಮಿ" ಎಂದು ಪುರೋಹಿತರು ನನ್ನ ಬಾಯಲ್ಲಿ ಹೇಳಿಸಿದಾಗ, ಆ "ಅರ್ಥೇ ಚ" ಎಂಬ ಭಾಗವನ್ನು ನನಗಿಂತ ಗಂಭೀರವಾಗಿ ತೆಗೆದುಕೊಳ್ಳುವ ಸರ್ಕಾರವೊಂದಿದೆಯೆಂದು ನಾನು ಎಣಿಸಿರಲಿಲ್ಲ. ಅಲ್ಲಿನ ಕಾನೂನಿನ ಪ್ರಕಾರ, ಸಂಗಾತಿಯನ್ನು ಕರೆಸಿಕೊಳ್ಳುವವರು ಐ-864 ಎಂಬ ಪತ್ರದಲ್ಲಿ, ಬರುವವನು ಸರ್ಕಾರಕ್ಕೆ ಹೊರೆಯಾಗದಂತೆ ತಾವೇ ಸಾಕುತ್ತೇವೆಂದು ರುಜು ಹಾಕಬೇಕು. ನಾವು ಹೇಳಿದ ಮಂತ್ರಕ್ಕಿಂತ ಇದು ಗಟ್ಟಿ. ಮದುವೆ ಮುರಿದುಬಿದ್ದರೂ ಈ ವಾಗ್ದಾನ ಮುರಿಯುವುದಿಲ್ಲ. ಬಂದವನು ಅಲ್ಲಿಯ ಪೌರನಾಗಬೇಕು, ಇಲ್ಲವೇ ಅವನ ದುಡಿಮೆಯ ಖಾತೆಯಲ್ಲಿ 40 ತ್ರೈಮಾಸಿಕಗಳು ಜಮೆಯಾಗಬೇಕು, ಇಲ್ಲವೇ ಅವನು ಕಾರ್ಡು ಬಿಟ್ಟು ದೇಶವನ್ನೋ ಲೋಕವನ್ನೋ ತೊರೆಯಬೇಕು. ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ತ್ರೈಮಾಸಿಕ ಜಮೆಯಾಗದ ಕಾರಣ, ಬರೀ ದುಡಿದು ಅವಳನ್ನು ಬಿಡುಗಡೆ ಮಾಡಲು ನನಗೆ ಕನಿಷ್ಠ ಹತ್ತು ವರ್ಷ ಬೇಕು. ಟ್ರ್ಯಾಕ್ಟರ್ ಸಾಲವಾದರೂ ಏಳು ವರ್ಷಕ್ಕೆ ತೀರುತ್ತಿತ್ತು.

ಸಾಕುವ ಶಕ್ತಿಯನ್ನು ಅಳೆಯುವುದು ಬಡತನ ರೇಖೆಯಿಂದ. ಇಬ್ಬರ ಸಂಸಾರಕ್ಕೆ ಆ ಸರ್ಕಾರ ಗೊತ್ತುಮಾಡಿದ ರೇಖೆಯ ಶೇ. 125ರಷ್ಟು ವರಮಾನ ಇರಬೇಕು. 2024ರಲ್ಲಿ ಅದು 25,550 ಡಾಲರ್. ನಮ್ಮಲ್ಲಿ ಮನೆ ಮುಂದೆ ಕಾರು ನಿಲ್ಲಿಸಿಕೊಂಡವರು ಕೂಡ ವರ್ಷಕ್ಕೆ 1.20 ಲಕ್ಷ ರೂಪಾಯಿಯ ಮಿತಿಯೊಳಗೆ ನುಸುಳಿ ಬಿಪಿಎಲ್ ಕಾರ್ಡು ಪಡೆಯಲು ಪಡುವ ಪಾಡನ್ನು ಕಣ್ಣಾರೆ ಕಂಡಿದ್ದ ನನಗೆ, ರೇಖೆಯ ಮೇಲಿದ್ದೇವೆಂದು ಸಾಬೀತುಮಾಡುವುದು ಬಹಳ ಸುಲಭದ ಕೆಲಸವೆನಿಸಿತು. ಮನೆ ಬಾಡಿಗೆ ಕಟ್ಟಿ, ಕಾರು ಓಡಿಸಿ, ವರ್ಷಕ್ಕೊಮ್ಮೆ ಮೈಸೂರಿಗೆ ಬಂದು ಸೀರೆ ಕೊಳ್ಳುವ ಹೆಂಗಸು ಬಡವಳಾಗಿರಲು ಹೇಗೆ ಸಾಧ್ಯ?

ಸಾಧ್ಯ. ಅವಳ ಮನೆಯ ಅಡುಗೆ ಕಪಾಟಿನ ಮೇಲೆ ಮೈಸೂರು ಪಾಕಿನ ಒಂದು ಹಳೆಯ ತಗಡಿನ ಡಬ್ಬಿಯಿದೆ. ವೀಣೆಯ ತಂತಿ, ಶ್ರುತಿಪೆಟ್ಟಿಗೆಯ ರಿಪೇರಿ, ವಾರ್ಷಿಕೋತ್ಸವದ ಸಭಾಂಗಣದ ಬಾಡಿಗೆ, ಅಂದು ಮಕ್ಕಳಿಗೆ ಕೊಡಿಸಿದ ತಿಂಡಿ, ಇಷ್ಟಕ್ಕೂ ರಸೀದಿ ಅದರೊಳಗೆ ತಿಂಗಳುವಾರು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕುಳಿತಿರುತ್ತದೆ. ಕಾರಿನಲ್ಲಿ ಒಂದು ಪುಟ್ಟ ಪುಸ್ತಕ; ಶಿಷ್ಯರ ಮನೆಗಳಿಗೆ ಓಡಾಡಿದ ಪ್ರತಿ ಮೈಲಿಯೂ ಅದರಲ್ಲಿ ದಾಖಲು. 2023ರಲ್ಲಿ ವ್ಯವಹಾರದ ಓಡಾಟಕ್ಕೆ ಮೈಲಿಗೆ 65.5 ಸೆಂಟಿನಂತೆ ವರಮಾನದಿಂದ ಕಳೆಯಬಹುದಾಗಿತ್ತು. ಅವಳು 9,000 ಮೈಲಿ ಓಡಾಡಿ 5,895 ಡಾಲರ್ ಕಳೆದಿದ್ದಳು. ಪಾಠದ ಕೋಣೆಗೆ ಚದರಡಿಗೆ 5 ಡಾಲರಿನಂತೆ ಮತ್ತಷ್ಟು. ಕಷ್ಟಪಟ್ಟು ಗಳಿಸಿದ 31,000 ಡಾಲರನ್ನು ಇಷ್ಟೇ ಕಷ್ಟಪಟ್ಟು, ಅಷ್ಟೇ ಪ್ರಾಮಾಣಿಕವಾಗಿ ಕರಗಿಸಿ ಕರಗಿಸಿ, ತೆರಿಗೆ ಪತ್ರದ ಒಂಬತ್ತನೆಯ ಸಾಲಿನಲ್ಲಿ 17,850ಕ್ಕೆ ತಂದು ನಿಲ್ಲಿಸಿದ್ದಳು. ತೆರಿಗೆ ಉಳಿಯಿತೆಂದು ಆ ಏಪ್ರಿಲ್‌ನಲ್ಲಿ ನಾವಿಬ್ಬರೂ ವಿಡಿಯೊ ಕರೆಯಲ್ಲೇ ಪಾಯಸ ಕುಡಿದಿದ್ದೆವು. ಐ-864 ನೋಡುವುದು ಆ ಒಂಬತ್ತನೆಯ ಸಾಲನ್ನೇ.

"ತಿದ್ದಿದ ರಿಟರ್ನ್ ಹಾಕಿ, ಖರ್ಚು ಕಡಿಮೆ ತೋರಿಸಿಬಿಡು" ಎಂದು ನಾನು ಸಲಹೆ ಕೊಟ್ಟೆ. ತಂತಿ ಕಡಿದದ್ದು ನಿಜ, ಕೊಂಡದ್ದು ನಿಜ, ಈಗ ಕೊಂಡಿಲ್ಲವೆಂದು ಹೇಳಲೇ ಎಂದು ಅವಳು ಕೇಳಿದ ಧಾಟಿಗೆ ನಾನು ಆ ಸಲಹೆಯನ್ನು ಅಲ್ಲಿಗೇ ಹಿಂತೆಗೆದುಕೊಂಡೆ.

ಎರಡನೆಯ ದಾರಿ ಜಂಟಿ ಜಾಮೀನುದಾರ. ಅಲ್ಲಿಯೇ ನೆಲೆಸಿರುವ, ವರಮಾನವುಳ್ಳ ಇನ್ನೊಬ್ಬರು ಅದೇ ಷರತ್ತುಗಳಿಗೆ ಒಪ್ಪಿ ರುಜು ಹಾಕಬಹುದು. ದೂರದ ಅಣ್ಣನೊಬ್ಬ ಮೊದಲ ಕರೆಯಲ್ಲಿ "ಅದಕ್ಕೇನಂತೆ, ಕಳಿಸು" ಎಂದ. ಸೂಚನೆಗಳನ್ನು ಓದಿದ ಮೇಲಿನ ಎರಡನೆಯ ಕರೆಯಲ್ಲಿ ಅವನು ಕೇಳಿದ್ದು ನನ್ನ ರಕ್ತದೊತ್ತಡ, ಸಕ್ಕರೆ ಮತ್ತು ನಾನು ಎಂಥ ಕೆಲಸಕ್ಕೆ ಸೇರುವ ಅಂದಾಜಿದೆ ಎಂಬ ಮೂರು ವಿಷಯ. ಮೂರನೆಯ ಕರೆಯನ್ನು ಅವನ ಹೆಂಡತಿ ಎತ್ತಿಕೊಂಡು, ಅವನು ಸ್ನಾನಕ್ಕೆ ಹೋಗಿದ್ದಾನೆಂದಳು. ನನಗೆ ಅವನ ಮೇಲೆ ಕಿಂಚಿತ್ತೂ ಕೋಪ ಬರಲಿಲ್ಲ. ಪೆನ್ನು ಹಿಡಿದು ಬಾಗಿಲ ಕಡೆ ನೋಡುವ ಆ ಮುಖ ನನಗೆ 22 ವರ್ಷದ ಪರಿಚಯ.

ಉಳಿದದ್ದು ಆಸ್ತಿ. ವರಮಾನದ ಕೊರತೆ ಎಷ್ಟಿದೆಯೋ ಅದರ ಐದು ಪಟ್ಟು ಆಸ್ತಿ ತೋರಿಸಬೇಕೆಂಬುದು ಸಾಮಾನ್ಯ ನಿಯಮವಾದರೂ, ಅಲ್ಲಿಯ ಪೌರರ ಗಂಡ ಅಥವಾ ಹೆಂಡತಿಗೆ ಮೂರು ಪಟ್ಟು ಸಾಕು. 1960ರ ದಶಕದಲ್ಲಿ ಈ ಬಡತನ ರೇಖೆಯನ್ನು ಮೊದಲು ಎಳೆದ ಮಾಲಿ ಓರ್ಶಾನ್‌ಸ್ಕಿ ಎಂಬ ಮಹಿಳೆ ಕೂಡ, ಒಂದು ಸಂಸಾರದ ಅತಿ ಮಿತವ್ಯಯದ ಊಟದ ಖರ್ಚನ್ನು ಮೂರರಿಂದ ಗುಣಿಸಿಯೇ ಲೆಕ್ಕ ಹಾಕಿದ್ದಳಂತೆ. ಆ ದೇಶಕ್ಕೂ ಮೂರಕ್ಕೂ ಏನೋ ನಂಟಿರಬೇಕು. ನಮ್ಮ ಕೊರತೆ 7,700 ಡಾಲರ್, ಮೂರು ಪಟ್ಟೆಂದರೆ 23,100. ನಮ್ಮ ಲೆಕ್ಕದಲ್ಲಿ ಹತ್ತೊಂಬತ್ತೂವರೆ ಲಕ್ಷದ ಆಸುಪಾಸು. ಇದರಲ್ಲಿ ನಿಜವಾದ ತಮಾಷೆಯೆಂದರೆ, ಆ ಆಸ್ತಿ ಬರುವವನದೇ ಆಗಿರಬಹುದು. ಅರ್ಥಾತ್, ನನ್ನ ಹೆಂಡತಿ ನನ್ನನ್ನು ಸಾಕಬಲ್ಲಳೆಂಬುದಕ್ಕೆ ನನ್ನ ದುಡ್ಡನ್ನೇ ನಾನು ಸಾಕ್ಷಿಯಾಗಿ ನಿಲ್ಲಿಸಬಹುದು. ನಮ್ಮ ಶಾಖೆಯಲ್ಲಿ ಯಾರಾದರೂ ತನ್ನ ಸಾಲಕ್ಕೆ ತಾನೇ ಜಾಮೀನು ಎಂದು ಬಂದಿದ್ದರೆ ನಾನು ಅವನಿಗೆ ಕಾಫಿ ಕುಡಿಸಿ ಕಳಿಸುತ್ತಿದ್ದೆ.

ನನ್ನ ಬಳಿ ನಿವೃತ್ತಿಯ 20 ಲಕ್ಷ ಠೇವಣಿಯಿತ್ತು. ಅದನ್ನು ತೋರಿಸಿ ಸುಮ್ಮನಿರಬಹುದಾಗಿತ್ತು. ಆದರೆ ಮನುಷ್ಯನಿಗೆ ಜಂಬವೆಂಬುದೊಂದು ಇರುತ್ತದೆ. 30X40ರ ಸೈಟು ನಲವತ್ತು ಲಕ್ಷ ಬಾಳುವಾಗ ಅಂಚಿಗೆ ಬಂದು ನಿಲ್ಲುವ ಠೇವಣಿಯೇಕೆ, ಅಮೆರಿಕದವರೂ ನೋಡಲಿ ಎಂದು ಸೈಟಿನ ಕಾಗದಗಳಿಗೆ ಕೈಹಾಕಿದೆ. ಖಾತೆ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲಿತ್ತು. ಅದನ್ನು ಬದಲಿಸಲು ಪುಣೆಯಲ್ಲಿದ್ದ ತಮ್ಮನ ಒಪ್ಪಿಗೆ ಪತ್ರ ಬೇಕಾಯಿತು. ಅವನು ಕೊಟ್ಟ, ಆದರೆ ಅವನ ಆಧಾರ್‌ನಲ್ಲಿ ತಂದೆಯ ಹೆಸರಿಗೆ ಒಂದು ಒತ್ತಕ್ಷರ ಹೆಚ್ಚಿತ್ತು. ಇ-ಖಾತಾಗೆ ಅರ್ಜಿ ಹಾಕಿ, ಋಣಭಾರ ಪತ್ರ ತೆಗೆಸಿದಾಗ, ಪೂರ್ವದ ನೆರೆಯವರು ಎರಡು ಅಡಿ ಒತ್ತುವರಿಯ ಬಗ್ಗೆ ಹೂಡಿದ್ದ ದಾವೆ ನೆನಪಿಗೆ ಬಂತು. ತೋರಿಸುವ ಆಸ್ತಿ ಹೆಚ್ಚಿನ ನಷ್ಟವಿಲ್ಲದೆ ಒಂದು ವರ್ಷದೊಳಗೆ ನಗದಾಗುವಂತಿರಬೇಕೆಂಬುದು ನಿಯಮ. ಈ ವಾಕ್ಯವನ್ನು ನಮ್ಮ ವಕೀಲರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, "ಒಂದು ವರ್ಷ ಅಂದರೆ ಯಾವ ಲೆಕ್ಕದ ವರ್ಷ, ಮನುಷ್ಯರದೋ ಬ್ರಹ್ಮನದೋ?" ಎಂದು ಕೇಳಿದರು.

ಇಷ್ಟರಲ್ಲಿ ಹೊಸ ವರ್ಷ ಬಂತು. ಆ ಬಡತನ ರೇಖೆ ಪ್ರತಿ ಜನವರಿಯಲ್ಲೂ ಒಂದು ಮೆಟ್ಟಿಲು ಹತ್ತುತ್ತದೆಂಬುದನ್ನು ನಾನು ಸೈಟಿನ ಗಲಾಟೆಯಲ್ಲಿ ಮರೆತಿದ್ದೆ. 2025ರ ಅಂಕಿ 26,437 ಡಾಲರ್. ಕೊರತೆ 8,587ಕ್ಕೆ ಏರಿ, ಮೂರು ಪಟ್ಟು 25,761 ಆಯಿತು. ರೂಪಾಯಿಯೂ ಅದೇ ಹೊತ್ತಿಗೆ ಜಾರಿದ್ದರಿಂದ 22 ಲಕ್ಷ ದಾಟಿತು. ನಾಲ್ಕು ತಿಂಗಳ ಹಿಂದೆ ಸಾಕಾಗುತ್ತಿದ್ದ ನನ್ನ 20 ಲಕ್ಷ ಈಗ ಸಾಲದಾಯಿತು. ನಲವತ್ತು ಲಕ್ಷದ ಜಂಬಕ್ಕೆ ದಂಡ ಎರಡು ಲಕ್ಷ ಚಿಲ್ಲರೆ.

ಅದನ್ನು ತುಂಬಿದ್ದು ಅಮ್ಮ. ತನ್ನ ಔಷಧಿಗೆಂದು ಇಟ್ಟಿದ್ದ 2.75 ಲಕ್ಷವನ್ನು ನನ್ನ ಹೆಸರಿಗೆ ವರ್ಗಾಯಿಸಿದಳು. ಆಸ್ತಿಯೆಂದು ತೋರಿಸುವ ಹಣಕ್ಕೆ ಹಿಂದಿನ 12 ತಿಂಗಳ ಬ್ಯಾಂಕ್ ವಿವರ ಬೇಕು. ನಿನ್ನೆ ಮೊನ್ನೆ ಬಂದು ಕೂತ ಹಣ ಎಲ್ಲಿಂದ ಬಂತೆಂಬ ಪ್ರಶ್ನೆ ಏಳದಿರಲೆಂದು ದಾನಪತ್ರ ಬರೆಸಲು ಕೂತೆವು. "ನನ್ನ ಮಗನಿಗೆ ಪ್ರೀತಿಯಿಂದ ಕೊಟ್ಟಿದ್ದೇನೆ, ವಾಪಸು ಕೇಳುವುದಿಲ್ಲ, ಪರಸ್ಥಳದಲ್ಲಿ ಅವನು ಹೊಟ್ಟೆ ತುಂಬ ಉಣ್ಣಲಿ" ಎಂದು ಅಮ್ಮ ತಾನೇ ದುಂಡಗೆ ಬರೆದಳು. ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರು ಅದನ್ನು ಅನುವಾದಿಸುವಾಗ ಕೊನೆಯ ಮಾತನ್ನು ಬಿಟ್ಟುಬಿಡೋಣವೆಂದರು, ಅಮ್ಮ ಬಿಡಗೊಡಲಿಲ್ಲ. ಓರ್ಶಾನ್‌ಸ್ಕಿಯ ಲೆಕ್ಕವೂ ಊಟದಿಂದಲೇ ಶುರುವಾಗಿದ್ದನ್ನು ನೆನೆದರೆ, ಅಮ್ಮನೇ ವಿಷಯಕ್ಕೆ ಹತ್ತಿರವಿದ್ದಳು.

ಠೇವಣಿಯ ದೃಢೀಕರಣಕ್ಕೆ ನನ್ನ ಹಳೆಯ ಶಾಖೆಗೇ ಹೋಗಬೇಕಾಯಿತು. ನಾನೇ ಕೆಲಸ ಕಲಿಸಿದ ಹುಡುಗ ನನ್ನದೇ ಕುರ್ಚಿಯಲ್ಲಿ ಕೂತು, "ಊಟದ ಮೇಲೆ ಬನ್ನಿ ಸಾರ್" ಎಂದ. ಅದನ್ನೂ ನಾನೇ ಕಲಿಸಿದ್ದು. ಮೂರು ಗಂಟೆಗೆ ಪತ್ರ ಕೈಗಿತ್ತು, ರುಜುವಿನ ಪುಸ್ತಕವನ್ನು ನನ್ನತ್ತ ತಿರುಗಿಸಿ, ಪೆನ್ನು ಕೊಟ್ಟು, "ಬರೀ ಫಾರ್ಮಾಲಿಟಿ ಸಾರ್, ಹಾಕಿ" ಎಂದ. ನಾನು ಅರಿವಿಲ್ಲದೆ ಒಮ್ಮೆ ಬಾಗಿಲ ಕಡೆ ನೋಡಿದೆ. ಪತ್ರದಲ್ಲಿ ಮೊತ್ತ ನಮ್ಮ ಪದ್ಧತಿಯಂತೆ 22,75,000 ಎಂದಿತ್ತು. ಕಾಗದ ಪರಿಶೀಲಿಸುವವರಿಗೆ ಎರಡಂಕಿಗೊಂದು ಅಲ್ಪವಿರಾಮ ಅಚ್ಚಿನ ತಪ್ಪಿನಂತೆ ಕಂಡಿತೋ ಏನೋ, ಸ್ಪಷ್ಟನೆ ಕೇಳಿ ವಾಪಸು ಬಂತು. ಆ ಅಲ್ಪವಿರಾಮ ಒಂದು ಮನೆ ಸರಿದು 2,275,000 ಆಗಲು ಮೂರು ವಾರ ಹಿಡಿಯಿತು.

ಮುಂಬೈಯ ಸಂದರ್ಶನದಲ್ಲಿ ಅಧಿಕಾರಿಣಿ ಠೇವಣಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಹೆಂಡತಿ ಏನು ಮಾಡುತ್ತಾಳೆಂದು ಕೇಳಿದಳು, ವೀಣೆ ಕಲಿಸುತ್ತಾಳೆಂದೆ. ಅದಕ್ಕೆ ತಂತಿಗಳೆಷ್ಟು ಎಂದಳು. ನಾನು ಸಂಗೀತದ ಗಂಧವಿಲ್ಲದವನು. ಆದರೆ ಒಂದು ಇಡೀ ವರ್ಷದ ತಂತಿಯ ರಸೀದಿಗಳನ್ನು ರಾತ್ರಿ ಕೂತು ವಿಂಗಡಿಸಿದವನು. "ಏಳು; ನುಡಿಸಲು ನಾಲ್ಕು, ತಾಳಕ್ಕೆ ಮೂರು; ಹೆಚ್ಚಾಗಿ ಕಡಿಯುವುದು ಮೊದಲನೆಯದು" ಎಂದೆ. ಅವಳು ನಕ್ಕು ಮುದ್ರೆ ಒತ್ತಿದಳು.

ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿಯ ನಿವಾಸಿಯಾದವನು ಲೋಕದ ಯಾವ ಮೂಲೆಯ ವರಮಾನವನ್ನೂ ತೆರಿಗೆಗೆ ಹೇಳಬೇಕು. ಹೊರದೇಶದ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದರೆ ಅದಕ್ಕೆ ಬೇರೆಯೇ ಒಂದು ವರದಿ. ನಮ್ಮನ್ನು ಶ್ರೀಮಂತರೆಂದು ತೋರಿಸಿಕೊಟ್ಟ ಹಾಸನದ ಠೇವಣಿಯ ಬಡ್ಡಿ ಈ ಸಲ ಹೆಂಡತಿಯ ಒಂಬತ್ತನೆಯ ಸಾಲಿಗೆ ಸೇರುತ್ತದೆ. ನಿನ್ನೆ ರಾತ್ರಿ ಅವಳು ಮೈಸೂರು ಪಾಕಿನ ಡಬ್ಬಿ ಇಳಿಸಿ, ಬಡ್ಡಿಯ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರ ಮೇಲೆ ಏನಾದರೂ ಕಳೆಯಬಹುದೇ?" ಎಂದು ಕೇಳಿದಳು.