ಗೂಟ ಹೊಡೆಯಲು ಒಂದು ಕೆರೆ

ಹಾಸನದಲ್ಲಿ ಗೂಟ ಎಂದರೆ ಯಾರಿಗಾದರೂ ಮೊದಲು ನೆನಪಾಗುವುದು ಮಂತ್ರಿಗಳ ಕಾರು. ನಮ್ಮ ಮನೆಯಲ್ಲಿ ಮಾತ್ರ ಅದು ಟೆಂಟಿನ ಜೊತೆ ಬಂದ 14 ಅಲ್ಯೂಮಿನಿಯಂ ಕಡ್ಡಿಗಳ ಹೆಸರು. ಈಗ ಒಂಬತ್ತು ಉಳಿದಿವೆ. ಹೋದ ಐದರಲ್ಲಿ ಮೂರು ಹೇಮಾವತಿಯ ಹಿನ್ನೀರಿನ ಕೆಸರಿನಲ್ಲಿವೆ, ಒಂದು ಎಮ್ಮೆಯ ಜೊತೆ ಹೋಯಿತು. ಐದನೆಯದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಟೆಂಟಿನ ಡಬ್ಬದ ಮೇಲೆ ‘ನಾಲ್ಕು ಜನರಿಗೆ’ ಎಂದು ಬರೆದಿತ್ತು. ಆ ನಾಲ್ವರು ಯಾವ ದೇಶದವರೋ, ನಮ್ಮ ಹಾಗೆ ರಾತ್ರಿಯ ಊಟವನ್ನು ಗಂಭೀರವಾಗಿ ತೆಗೆದುಕೊಂಡವರಂತೂ ಅಲ್ಲ. ನಾನು, ಹೆಂಡತಿ, ಮಗಳು, ಮಗ ಮಲಗಿದರೆ ಬ್ಯಾಗುಗಳು ಹೊರಗೆ. ಬ್ಯಾಗುಗಳು ಒಳಗಿದ್ದರೆ ನಾನು ಹೊರಗೆ. ಆದರೂ ಕೆರೆದಂಡೆಯಲ್ಲಿ ಒಂದು ರಾತ್ರಿ ಕಳೆಯಬೇಕೆಂಬ ಹುಚ್ಚು ಬಿಡಲಿಲ್ಲ. ಜಾಗ ಆರಿಸುವ ಸಭೆಯಲ್ಲಿ ಹೆಂಡತಿಯದು ಒಂದೇ ಷರತ್ತು, ಶೌಚಾಲಯ. ಮಗಳಿಗೆ ನೀರು ಕಾಣಬೇಕು. ಮಗನಿಗೆ ಮೊಬೈಲ್ ಸಿಗ್ನಲ್ ಕಾಣಬೇಕು. ಹಿರೇಕೊಳಲೆ ಎಂದೆ. “ಅದು ಚಿಕ್ಕಮಗಳೂರಿಗೆ ಕುಡಿಯುವ ನೀರಿನ ಕೆರೆ, ನೀವು ಅಲ್ಲಿ ಪಾತ್ರೆ ತೊಳೆಯುತ್ತೀರಾ?” ಎಂದು ಹೆಂಡತಿ ಕೇಳಿದಳು. ಸಕಲೇಶಪುರದ ಕಡೆ ಹೋಗೋಣವೆಂದು ಅಲ್ಲಿನ ಗೆಳೆಯನಿಗೆ ಫೋನ್ ಮಾಡಿದರೆ, “ಸಂಜೆ ಕೆರೆಗೆ ಆನೆ ಬರುತ್ತದೆ. ನಿಮ್ಮ ಟೆಂಟಿನ ಬಣ್ಣ ಯಾವುದು?” ಎಂದ. ಬಣ್ಣಕ್ಕೂ ಆನೆಗೂ ಏನು ಸಂಬಂಧವೋ, ಕೇಳುವ ಧೈರ್ಯವಾಗಲಿಲ್ಲ.

ಕೊನೆಗೆ ಉಳಿದದ್ದು ಗೊರೂರು ಅಣೆಕಟ್ಟೆಯ ಹಿನ್ನೀರು. ಶೆಟ್ಟಿಹಳ್ಳಿಯ ಚರ್ಚಿನ ಹತ್ತಿರ ಪರಿಚಯದವರ ಹೊಲವಿತ್ತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತಿರುವ ಚಿತ್ರವನ್ನು ಹಾಸನದ ಎಷ್ಟೋ ಕ್ಯಾಲೆಂಡರುಗಳಲ್ಲಿ ನೋಡಿದ್ದೇನೆ. ಹೊರಟದ್ದು ಮಾತ್ರ ಮಾರ್ಚಿನಲ್ಲಿ. ನಮ್ಮ ಅಪ್ಪ ಪತ್ರಿಕೆ ಬಂದ ಕೂಡಲೇ ಓದುವುದು ಹೇಮಾವತಿ ಜಲಾಶಯದ ಮಟ್ಟವನ್ನು. ಗರಿಷ್ಠ 2922 ಅಡಿ, ಇಂದಿನದು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಮಕ್ಕಳ ಪರೀಕ್ಷೆಯ ಅಂಕಗಳನ್ನೂ ಅವರು ಅಷ್ಟು ಶ್ರದ್ಧೆಯಿಂದ ನೋಡಿದವರಲ್ಲ. ಆ ದಿನ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ನೀರು ಇಳಿದಿದೆಯಪ್ಪ, ದಡ ಸಿಗುವುದಿಲ್ಲ” ಎಂದರು. ನೀರೆಂದ ಮೇಲೆ ದಡ ಇರಲೇಬೇಕಲ್ಲ, ವಯಸ್ಸಾಯಿತು ಎಂದುಕೊಂಡೆ.

ದಡ ನಿಜಕ್ಕೂ ಸಿಗಲಿಲ್ಲ. ಚರ್ಚು ಒಣನೆಲದ ಮೇಲೆ ನಿಂತಿತ್ತು. ನೀರು ಎಲ್ಲೋ ದೂರದಲ್ಲಿ ಅಂಚು ಹಿಡಿದ ತಟ್ಟೆಯಂತೆ ಹೊಳೆಯುತ್ತಿತ್ತು. ನಡುವೆ ಬಿರುಕು ಬಿಟ್ಟ ಮೆಕ್ಕಲು ಮಣ್ಣು: ಮೇಲೆ ಹಪ್ಪಳ, ಒಳಗೆ ಅಂಬಲಿ. ನೀರಿನ ಹತ್ತಿರ ಹೊಡೆದ ಮೂರು ಗೂಟಗಳು ಕಲ್ಲಿನ ಒಂದೊಂದು ಏಟಿಗೆ ಎಷ್ಟು ಸಲೀಸಾಗಿ ಇಳಿದವೆಂದರೆ ನನಗೆ ನನ್ನ ಕೈಬಲದ ಮೇಲೆ ಗೌರವ ಹುಟ್ಟಿತು. ನಾಲ್ಕನೆಯದನ್ನು ಹೊಡೆಯುವಷ್ಟರಲ್ಲಿ ಮೊದಲಿನ ಮೂರೂ ಕಾಣೆಯಾಗಿದ್ದವು.

ಹಿಂದಕ್ಕೆ ಬಂದು ಹೊಲದಂಚಿನಲ್ಲಿ ಜಾಗ ಹುಡುಕಿದೆವು. ಒಂದು ಕಡೆ ನೆಲ ಸಮತಟ್ಟಾಗಿ, ಕಲ್ಲು ಮುಳ್ಳಿಲ್ಲದೆ, ಹುಲ್ಲನ್ನು ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು. ಯಾರು ಕತ್ತರಿಸಿದರು ಎಂದು ನಾನು ಆಗಲೇ ಯೋಚಿಸಬೇಕಿತ್ತು. ಬೆಳಗಿನ ಜಾವ ಐದೂವರೆಗೆ ಅವರೇ ಬಂದರು, ಒಟ್ಟು 22 ಎಮ್ಮೆಗಳು, ನೀರಿಗೆ ಹೋಗುವ ತಮ್ಮ ದಿನದ ದಾರಿಯಲ್ಲಿ. ಟೆಂಟನ್ನು ಕಂಡು ಮೊದಲನೆಯದು ನಿಂತಿತು. ಹಿಂದಿನವೂ ನಿಂತವು. ಬಟ್ಟೆಯ ಗೋಡೆಯಾಚೆ ಒಂದು ಮೂಗು ನನ್ನ ಕಿವಿಯ ಪಕ್ಕದಲ್ಲೇ ದೀರ್ಘವಾಗಿ ಉಸಿರು ಬಿಟ್ಟಿತು. “ಏನೂ ಮಾಡುವುದಿಲ್ಲ ಸಾರ್, ನೀವು ಜಾಗ ಬಿಡಿ ಅಷ್ಟೆ” ಎಂದು ಹಿಂದಿನಿಂದ ಹುಡುಗನೊಬ್ಬ ಕೂಗಿದ. ಬಿಟ್ಟೆವು. ಕಡೆಯ ಎಮ್ಮೆಯ ಕೊಂಬಿಗೆ ಹಗ್ಗ ಸಿಕ್ಕಿಕೊಂಡು ಗೂಟವೊಂದು ಟಿಣಿಟಿಣಿ ಎನ್ನುತ್ತಾ ನೀರಿನ ಕಡೆಗೆ ಹೊರಟುಹೋಯಿತು.

ಇಷ್ಟಾದ ಮೇಲೆ ಸುಮ್ಮನಿರಬೇಕಿತ್ತು. ಬೆಂಗಳೂರಿನಲ್ಲಿರುವ ಭಾವ ಸುಮ್ಮನಿರಲು ಬಿಡಲಿಲ್ಲ. ಒಳಗೆ ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ ಎಲ್ಲ ಇರುವ ಕ್ಯಾರವಾನ್ ಒಂದನ್ನು ಬಾಡಿಗೆಗೆ ಹಿಡಿದು ಬಂದರು. ಶೌಚಾಲಯ ಎಂದ ಕೂಡಲೇ ನನ್ನ ಹೆಂಡತಿ ಅಣ್ಣನ ಪಕ್ಷ ಸೇರಿದಳು. ಮುಂದಿನ ಫೆಬ್ರವರಿಯಲ್ಲಿ ಮೂಡಿಗೆರೆ ಕಡೆಯ ಒಂದು ಕಾಫಿ ತೋಟಕ್ಕೆ ಹೊರಟೆವು. ತೋಟದೊಳಗೇ ಕೆರೆ ಇತ್ತು. ಎಮ್ಮೆ ಇಲ್ಲ ಎಂದು ಫೋನಿನಲ್ಲಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೆ.

ತೋಟದ ಸಾಹುಕಾರರು ಮೊದಲೇ ಹೇಳಿದರು: “ಕೊಯ್ಲು ಮುಗಿದಿದೆ, ಕಣ ಖಾಲಿ ಇದೆ. ಗಾಡಿ, ಟೆಂಟು ಎರಡನ್ನೂ ಅಲ್ಲೇ ಹಾಕಿಕೊಳ್ಳಿ.” ಕಾಫಿ ಒಣಗಿಸುವ ಸಿಮೆಂಟು ಕಣ, ಅದಕ್ಕಿಂತ ಸಮತಟ್ಟಾದ ನೆಲ ಮಲೆನಾಡಿನಲ್ಲಿ ಸಿಗುವುದಿಲ್ಲ. ಆದರೆ ಅಲ್ಲಿಂದ ಕಾಣುವುದು ಗೋದಾಮಿನ ಹಿಂಬದಿ. ಭಾವನವರಿಗೆ ಹಾಸಿಗೆಯಿಂದಲೇ ಕೆರೆ ಕಾಣಬೇಕಿತ್ತು. ಸಿಲ್ವರ್ ಓಕ್ ಕೊಂಬೆಗಳಿಗೆ ತಲೆ ತರಚಿಕೊಳ್ಳುತ್ತಾ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು ನಿಲ್ಲಿಸಿದರು. ಒಳಗೆ ದೋಸೆ ಹಿಟ್ಟು ಹುಯ್ದರೆ ಕಾವಲಿಯ ಒಂದೇ ಮಗ್ಗುಲಿಗೆ ಹರಿದು, ಒಂದು ಕಡೆ ಸೆಟ್ ದೋಸೆ, ಇನ್ನೊಂದು ಕಡೆ ಪೇಪರ್ ದೋಸೆಯಾಗುತ್ತಿತ್ತು.

ನಾನು ನಗುತ್ತಿದ್ದೆ. ಅನುಭವ ನನ್ನನ್ನು ಪಂಡಿತನನ್ನಾಗಿ ಮಾಡಿತ್ತು. ನೀರಿನಿಂದ 60 ಹೆಜ್ಜೆ ದೂರ. ತಗ್ಗು ಬೇಡ, ರಾತ್ರಿಯ ತಣ್ಣನೆಯ ಗಾಳಿ ಜಾರಿ ಬಂದು ಅಲ್ಲೇ ಕೂರುತ್ತದೆ. ತೀರಾ ಮರೆ ಬೇಡ, ಗಾಳಿಯಾಡದಿದ್ದರೆ ಸೊಳ್ಳೆ. ಮೇಲೆ ಒಣಕೊಂಬೆ ಇರಕೂಡದು. ಬೆಳಗಿನ ಬಿಸಿಲು ನೇರ ಬೀಳಬೇಕು, ಇಲ್ಲದಿದ್ದರೆ ನಾಲ್ಕು ಜನರ ಉಸಿರು ಟೆಂಟಿನ ಒಳಗೋಡೆಯಲ್ಲಿ ನೀರಾಗಿ ನಿಂತದ್ದು ಒಣಗುವುದಿಲ್ಲ. ಇವೆಲ್ಲ ಕೂಡಿಬಂದ ಒಂದು ತಟ್ಟು ಕಾಫಿಗಿಡಗಳ ನಡುವೆ ಸಿಕ್ಕಿತು. ಫೆಬ್ರವರಿಯ ಬಿಸಿಲಿನಲ್ಲೂ ಅಲ್ಲಿ ಎಳೆಹಸಿರು ಹುಲ್ಲು! ಒಂದೇ ಕೊರತೆ, ಕೆರೆಯ ಕಡೆಯ ಗೂಟ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ನೆಲದಿಂದ ಎದ್ದ ಕಬ್ಬಿಣದ ಪೈಪೊಂದಿತ್ತು. ಬಾವುಟದ ಕಂಬವಿರಬೇಕೆಂದು ಹಗ್ಗವನ್ನು ಅದಕ್ಕೇ ಬಿಗಿಯಾಗಿ ಎಳೆದು ಕಟ್ಟಿದೆ. ಪೈಪು ನಮ್ಮ ಕಡೆಗೆ ಸ್ವಲ್ಪ ಬಾಗಿತು. ಬಾಗಲಿ ಎಂದೆ.

ರಾತ್ರಿ ಒಂದು ಗಂಟೆಗೆ ತ್ರೀ ಫೇಸ್ ಕರೆಂಟು ಬಂತು. ಕೆರೆಯ ಬದಿಯಲ್ಲಿ ಮೋಟಾರು ಗೊರಗುಟ್ಟಿತು. ನಮ್ಮ ತಲೆಯ ಹತ್ತಿರ ಪೈಪಿನೊಳಗೆ ಯಾರೋ ಕೆಮ್ಮಿದ ಹಾಗಾಯಿತು. ಆಮೇಲೆ ಚಿಟ್ ಚಿಟ್ ಚಿಟ್ ಚಿಟ್. “ಏನದು ಜೀರುಂಡೆಯಾ?” ಎಂದು ಹೆಂಡತಿ ಕೇಳುವುದಕ್ಕೂ, ಕೊಡದ ನೀರನ್ನು ಒಟ್ಟಿಗೆ ಎರಚಿದಂತೆ ಟೆಂಟಿನ ಗೋಡೆ ಒಳಕ್ಕೆ ಬಂದು ನನ್ನ ಕೆನ್ನೆಗೆ ಬಡಿಯುವುದಕ್ಕೂ ಸರಿಹೋಯಿತು. ನೀರಿನ ಜೆಟ್ಟು ನಮ್ಮನ್ನು ದಾಟಿ ಮುಂದಕ್ಕೆ ಹೋಯಿತು. ದೂರದಲ್ಲಿ ಎಲೆಗಳ ಮೇಲೆ ಸುರಿದ ಸದ್ದು, ಸುತ್ತಿ ಬರುವ ಸದ್ದು, ಮತ್ತೆ ಚಿಟ್ ಚಿಟ್, ಮತ್ತೆ ಕೆನ್ನೆ. ಮೂರನೆಯ ಸುತ್ತಿಗೆ ಮಗ ಮೊಬೈಲ್ ಗಡಿಯಾರ ಹಿಡಿದು ಲೆಕ್ಕ ಹಾಕಿದ: “ಅಪ್ಪಾ, 50 ಸೆಕೆಂಡು ಸಿಗುತ್ತದೆ.” ಜಿಪ್ಪು ಸಿಕ್ಕಿಕೊಂಡು ಅರ್ಧ ಮಾತ್ರ ತೆರೆಯುತ್ತಿದ್ದರಿಂದ ಸುತ್ತಿಗೊಬ್ಬರಂತೆ ಹೊರಬಿದ್ದೆವು. ಮೊದಲು ಮಗಳು, ಆಮೇಲೆ ಮಗ, ಆಮೇಲೆ ದಿಂಬಿನ ಸಮೇತ ಹೆಂಡತಿ. ಕಡೆಯವನು ನಾನು. ನನ್ನ ಸೆಕೆಂಡುಗಳು ಚಪ್ಪಲಿ ಹುಡುಕುವುದರಲ್ಲಿ ಕಳೆದುಹೋದವು.

ಕ್ಯಾರವಾನಿನಲ್ಲಿ ಏಳು ಜನ ಮಲಗಿದೆವು ಎನ್ನುವುದು ತಪ್ಪು. ಇಳಿಜಾರಿನ ಕಡೆಯ ಗೋಡೆಗೆ ಏಳು ಜನ ಶೇಖರವಾದೆವು. ಎಲ್ಲಕ್ಕಿಂತ ಕೆಳಗೆ ಭಾವ.

ಬೆಳಿಗ್ಗೆ ಕಾಫಿಯ ಲೋಟದೊಂದಿಗೆ ಬಂದ ಸಾಹುಕಾರರು ನಮ್ಮ ಅವಸ್ಥೆಯನ್ನು ನೋಡಲೇ ಇಲ್ಲ. ನೇರ ಪೈಪಿನ ಹತ್ತಿರ ಹೋಗಿ ನಿಂತರು. ರೋಬಸ್ಟಾಗೆ ಫೆಬ್ರವರಿ, ಮಾರ್ಚಿನಲ್ಲಿ ಒಂದು ಹದವಾದ ಮಳೆ ಬೀಳಬೇಕು, ಆಗ ಮೊಗ್ಗು ಅರಳುತ್ತದೆ. ಮಳೆ ಬಾರದಿದ್ದರೆ ಕೆರೆಯ ನೀರೆತ್ತಿ ತಾವೇ ಮಳೆ ಸುರಿಸಬೇಕು. ಆ ಕೆರೆಯನ್ನು ತೋಡಿಸಿದ್ದೇ ಅದಕ್ಕೆ, ನಮ್ಮ ದೃಶ್ಯಸುಖಕ್ಕಲ್ಲ. ನಾನು ಎಳೆದು ಕಟ್ಟಿದ ಹಗ್ಗದಿಂದ ಸ್ಪ್ರಿಂಕ್ಲರ್ ನಮ್ಮ ಕಡೆ ವಾಲಿ, ಆ ದಿಕ್ಕಿನ ನೀರೆಲ್ಲ ಟೆಂಟಿಗೇ ಸಂದಾಯವಾಗಿತ್ತು. ಟೆಂಟಿನ ಹಿಂದಿನ ಗಿಡಗಳ ಬುಡ ಒಣಗಿ ನಿಂತಿತ್ತು. “ಕಣದಲ್ಲಿ ಹಾಕಿ ಎಂದಿದ್ದೆನಲ್ಲ” ಎಂದಷ್ಟೇ ಹೇಳಿ ಲೋಟವನ್ನು ನನ್ನ ಕೈಗೆ ಕೊಟ್ಟರು.

ಒಂಬತ್ತು ದಿನಗಳ ನಂತರ ಅವರಿಂದ ಮೊಬೈಲಿಗೆ ಒಂದು ಚಿತ್ರ ಬಂತು. ಗುಡ್ಡವಿಡೀ ಹೂ ಬಿಟ್ಟು ಬೆಳ್ಳಗಾಗಿತ್ತು, ಮಲ್ಲಿಗೆಯ ದಂಡೆಯನ್ನು ಬಿಡಿಸಿ ಹರವಿದ ಹಾಗೆ. ನಡುವೆ ಟೆಂಟಿನಷ್ಟೇ ಅಗಲದ ಒಂದು ಹಸಿರು ಪಟ್ಟಿ. ಚಿತ್ರದ ಮುಂಭಾಗದಲ್ಲಿ, ಅವರ ಅಂಗೈಯಲ್ಲಿ, ನಮ್ಮ ಅಲ್ಯೂಮಿನಿಯಂ ಗೂಟ. ಕೆಳಗೆ ಎರಡೇ ಪದ: “ಇದು ನಿಮ್ಮದು.”

ಗೂಟಕ್ಕೆ ಹೇಳಿದರೋ ಪಟ್ಟಿಗೆ ಹೇಳಿದರೋ ಎಂದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಹೋಗಿ ತರುವ ಧೈರ್ಯವೂ ನನಗಾಗಿಲ್ಲ.