ಕೊಕ್ಕೆಯ ಕೊನೇ ಕಾರು

ದೊಡ್ಡವರು ಅಂಗಡಿಯ ಆಟಿಕೆ ಸಾಲಿನಲ್ಲಿ ನಿಲ್ಲಬೇಕೆಂದರೆ ಒಂದು ನೆಪ ಬೇಕು. ಹಾಗಾಗಿ ಪುಟ್ಟ ಕಾರು ಕೂಡಿಡುವ ಎಷ್ಟೋ ಜನ ಒಬ್ಬ ಅಕ್ಕನ ಮಗನನ್ನು ಸೃಷ್ಟಿ ಮಾಡಿಕೊಂಡಿರುತ್ತಾರೆ. ಅವನ ಹುಟ್ಟುಹಬ್ಬ ತಿಂಗಳಿಗೆ ಎರಡು ಸಲ ಬರುತ್ತದೆ. ಬಿಲ್ ಕೌಂಟರಿನಲ್ಲಿ ಸೋಪು, ಬಲ್ಬು, ಪೊರಕೆಯ ಜೊತೆ ಮೂರು ಕಾರು ಹೊರಬಂದಾಗ, ಯಾರೂ ಕೇಳದಿದ್ದರೂ "ಮಗೂಗೆ" ಎಂದು ಹೇಳಿಬಿಡುತ್ತಾರೆ. ಬಿಲ್ ಮಾಡುವವರಿಗೆ ಆ ವಿವರ ಬೇಕಾಗಿಯೇ ಇಲ್ಲ. ಅವರಿಗೆ ಸೋಪೂ ಒಂದೇ, ನಿಸಾನ್ ಸ್ಕೈಲೈನೂ ಒಂದೇ.

ಈ ಹವ್ಯಾಸದಲ್ಲಿ ನನಗೆ ಹಿಡಿಸುವುದೇ ಇದು. ಅಂಗಡಿಗೆ ತನ್ನ ಹತ್ತಿರ ಏನಿದೆ ಅಂತ ಗೊತ್ತಿರುವುದಿಲ್ಲ. ಹಳೇ ನಾಣ್ಯ, ಹಳೇ ಗಡಿಯಾರ ಹುಡುಕುವವರು ಎಲ್ಲವೂ ಗೊತ್ತಿರುವ ವ್ಯಾಪಾರಿಯ ಮುಂದೆ ಕೂರಬೇಕು. ನಮ್ಮ ಕಣ್ಣು ಎಲ್ಲಿ ನಿಂತಿತು ಅಂತ ನೋಡಿಕೊಂಡೇ ಅವನು ಬೆಲೆ ಹೇಳುತ್ತಾನೆ. ಇಲ್ಲಿ ಆ ತಾಪತ್ರಯ ಇಲ್ಲ. ಊರಲ್ಲಿರುವ ಅಷ್ಟೂ ಸಂಗ್ರಾಹಕರು ಹುಡುಕುತ್ತಿರುವ ಕಾರು, ಯಾರಿಗೂ ಬೇಡವಾದ ಕಾರಿನ ಪಕ್ಕದಲ್ಲೇ, ಅದೇ ಬೆಲೆಗೆ, ಅದೇ ಕೊಕ್ಕೆಗೆ ನೇತಾಡುತ್ತಿರುತ್ತದೆ. ಅದನ್ನು ನೇತುಹಾಕಿದ ಹುಡುಗನಿಗೂ ಗೊತ್ತಿಲ್ಲ, ಮಾರುವವರಿಗೂ ಗೊತ್ತಿಲ್ಲ. ಗೊತ್ತಿರುವುದು ನಮಗೆ ಮಾತ್ರ. ಆದರೆ ಅಲ್ಲಿಗೆ ಹೋದ ದಿನ ಅದು ಇರಬೇಕಲ್ಲ!

ಹೊಸಬರು ಕೊಕ್ಕೆಯ ಮುಂದೆ ಕಾಣುವ ಕಾರು ನೋಡಿ ವಾಪಸ್ ಹೋಗುತ್ತಾರೆ. ಪಳಗಿದವರು ಕಾರು ಅಂಟಿಸಿದ ರಟ್ಟಿನ ಮೇಲಂಚಿಗೆ ಬೆರಳು ಕೊಟ್ಟು, ಕಚೇರಿಯ ಗುಮಾಸ್ತರು ಫೈಲು ತಿರುವಿದ ಹಾಗೆ ಸರಸರ ತಿರುವುತ್ತಾರೆ. ಹೆಸರು ಓದುವುದಿಲ್ಲ. ಬಣ್ಣ, ಚಾವಣಿಯ ಇಳಿಜಾರು, ಚಕ್ರದ ಹೊಳಪು ಇಷ್ಟೇ ನೋಡುವುದು. ಕೆಳಗಿನ ಸಾಲಿಗೆ ಮಂಡಿಯೂರಲೇಬೇಕು, ಬೇರೆ ದಾರಿ ಇಲ್ಲ. ಹಾಟ್ ವೀಲ್ಸ್ ಅನ್ನುವ ಪುಟ್ಟ ಕಾರಿನ ಬ್ರಾಂಡಿನ ಮಾಮೂಲಿ ಸರಣಿ 72 ಕಾರುಗಳ ದೊಡ್ಡ ಪೆಟ್ಟಿಗೆಯಲ್ಲೂ ಬರುತ್ತದೆ. ಅಂಥ ಪೆಟ್ಟಿಗೆ ಆಗಷ್ಟೇ ಒಡೆದಿದ್ದರೆ ಹಬ್ಬ. ಒಡೆದು ಎರಡು ದಿನ ಆಗಿದ್ದರೆ ಉಳಿದಿರುವುದು ಬೆನ್ನ ಮೇಲೆ ರೆಕ್ಕೆ ಇರುವ, ಬಾಯಿ ತೆರೆದ ಶಾರ್ಕ್ ಆಕಾರದ ಕಾರುಗಳು.

ಶಾರ್ಕ್ ಕಾರು ಕಂಡರೆ ನಮ್ಮವರು ಮೂಗು ಮುರಿಯುತ್ತಾರೆ. ಮಕ್ಕಳು ಅದನ್ನೇ ಹಿಡಿದು ಕುಣಿಯುತ್ತಾರೆ. ನಿಜ ಹೇಳಬೇಕೆಂದರೆ ಆ ಸಾಲಿಗೆ ಯಜಮಾನರು ಮಕ್ಕಳೇ, ನಾವು ನುಸುಳಿ ಬಂದವರು. ನಮಗೆ ಬೇಕಾದದ್ದು ರಸ್ತೆಯಲ್ಲಿ ನಿಜಕ್ಕೂ ಓಡಿದ ಕಾರು. ಹಳೇ ಡಾಟ್ಸನ್, ಪೋರ್ಷೆ, ಚಪ್ಪಟೆ ಮೂಗಿನ ವೋಲ್ವೊ. ಕನ್ನಡಿ ಸರಿಯಿಲ್ಲ, ದೀಪಕ್ಕೆ ಬಣ್ಣ ಹಾಕಿಲ್ಲ ಅಂತ ದೂರು ಬೇರೆ. ಇಷ್ಟು ಕಟ್ಟುನಿಟ್ಟಿನ ಜನ ಅಳತೆಯ ವಿಷಯ ಬಂದಾಗ ಮಾತ್ರ ತೆಪ್ಪಗಿರುತ್ತೇವೆ. 1:64 ಅಂತ ಹೇಳುವುದೇನೋ ಹೇಳುತ್ತೇವೆ. ಅಂದರೆ ಅಸಲಿ ಕಾರಿನ ಅರವತ್ನಾಲ್ಕನೇ ಒಂದು ಭಾಗ. ಆದರೆ ಮಾಮೂಲಿ ಸರಣಿಯ ಕಾರುಗಳನ್ನು ಪೊಟ್ಟಣಕ್ಕೆ ಹಿಡಿಸುವ ಹಾಗೆ ಮಾಡುತ್ತಾರೆ, ಹೆಚ್ಚುಕಡಿಮೆ ಎಲ್ಲವೂ ಮೂರು ಇಂಚಿನ ಆಸುಪಾಸು. ಹಾಗಾಗಿ ಶೆಲ್ಫಿನ ಮೇಲೆ ಬಸ್ಸೂ ಮಿನಿ ಕೂಪರೂ ಪಕ್ಕಪಕ್ಕ ನಿಂತರೆ ಅಣ್ಣತಮ್ಮಂದಿರು. ನಿಜವಾದ ಆ ಬಸ್ಸಿನ ಬಾಗಿಲ ಹತ್ತಿರ ನಿಜವಾದ ಆ ಕಾರು ನಿಂತರೆ ಡ್ರೈವರ್‌ಗೆ ಕಾಣುವುದೂ ಕಷ್ಟ.

ಈ ಗಾತ್ರ ಬಂದ ಕತೆ ಚೆನ್ನಾಗಿದೆ. ಇಂಗ್ಲೆಂಡಿನ ಲೆಸ್ನಿ ಕಂಪನಿಯ ಜ್ಯಾಕ್ ಒಡೆಲ್ ಅವರ ಮಗಳು ಹೋಗುತ್ತಿದ್ದ ಶಾಲೆಯಲ್ಲಿ ಒಂದು ನಿಯಮ ಇತ್ತು. ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು. ಅಪ್ಪ ಹಿತ್ತಾಳೆಯಲ್ಲಿ ಒಂದು ಪುಟಾಣಿ ರೋಡ್ ರೋಲರ್ ಮಾಡಿಕೊಟ್ಟರು. ಅವಳ ಗೆಳತಿಯರಿಗೂ ಅದು ಬೇಕಾಯಿತು. 1953ರಲ್ಲಿ ಮ್ಯಾಚ್‌ಬಾಕ್ಸ್ ಅನ್ನುವ ಹೆಸರಲ್ಲಿ ಇಂಥ ಪುಟಾಣಿ ಗಾಡಿಗಳು ಮಾರುಕಟ್ಟೆಗೆ ಬಂದವು. ಶಾಲೆಯ ಯಾವುದೋ ಒಂದು ಕಟ್ಟಪ್ಪಣೆ ಇಷ್ಟು ಜನರ ಮನೆಯ ಶೆಲ್ಫು ತುಂಬಿಸಿದ್ದು ಬೇರೆಲ್ಲೂ ಇರಲಾರದು.

ಕೈಗೆ ತೆಗೆದುಕೊಂಡಾಗ ಇರುವ ಆ ತೂಕ ಇದೆಯಲ್ಲ, ಅರ್ಧ ಆಸೆ ಅದರದ್ದೇ. ಲೋಹ ಅಂದರೆ ಇಲ್ಲಿ ಕಬ್ಬಿಣವಲ್ಲ, ಬಹುಪಾಲು ಸತು. ಅದಕ್ಕೆ ನೂರಕ್ಕೆ ನಾಲ್ಕು ಪಾಲು ಅಲ್ಯುಮಿನಿಯಂ, ಜೊತೆಗೆ ಚೂರು ಮೆಗ್ನೀಸಿಯಂ, ತಾಮ್ರ. ಜಮಾಕ್ ಅನ್ನುತ್ತಾರೆ. 400 ಡಿಗ್ರಿಯ ಒಳಗೇ ಕರಗುತ್ತದೆ. ಕರಗಿದ್ದನ್ನು ಒತ್ತಡ ಕೊಟ್ಟು ಉಕ್ಕಿನ ಅಚ್ಚಿಗೆ ನುಗ್ಗಿಸಿದರೆ ಬಾಗಿಲ ಗೆರೆ, ಬಾನೆಟ್ಟಿನ ಏಣು ಎಲ್ಲಾ ಮೂಡಿ ಬರುತ್ತದೆ. ಬೆರಕೆಯಲ್ಲಿ ಸ್ವಲ್ಪ ಸೀಸ ಸೇರಿಕೊಂಡರೂ ಕೆಲಸ ಕೆಡುತ್ತದೆ. ಕೆಲವು ವರ್ಷ ಬಿಟ್ಟು ಲೋಹ ಊದಿಕೊಂಡು, ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. 1930ರ ದಶಕದ ಎಷ್ಟೋ ಒಳ್ಳೊಳ್ಳೆ ಆಟಿಕೆ ಕಾರುಗಳು ಗಾಜಿನ ಬೀರುವಿನಲ್ಲಿ, ಯಾರೂ ಮುಟ್ಟದೆ, ಕೂತಲ್ಲೇ ಹೀಗೆ ಹೋದವು. ಈಗಿನವಕ್ಕೆ ಆ ಭಯ ಕಡಿಮೆ. ಈಗಿನ ದುಃಖ ಬೇರೆ: ತಳ ಪ್ಲಾಸ್ಟಿಕ್ಕಾಗುತ್ತಿದೆ. ಮೇಲೂ ಕೆಳಗೂ ಲೋಹ ಇರುವ ಕಾರು ಸಿಕ್ಕರೆ ನಮ್ಮವರು ಅದನ್ನು ಅಂಗೈಯಲ್ಲಿ ಎತ್ತೆತ್ತಿ ತೂಗಿ ನೋಡುವುದನ್ನು ಕಂಡವರು ಅಕ್ಕಸಾಲಿ ಅಂದುಕೊಂಡಾರು.

ತಳ ತಿರುಗಿಸಿ ನೋಡಿದರೆ ಒಂದು ಇಸವಿ ಇರುತ್ತದೆ. ಅದನ್ನು ಕಂಡು "ಅಬ್ಬಾ, ಎಷ್ಟು ಹಳೇದು!" ಎಂದು ಜಾಸ್ತಿ ದುಡ್ಡು ಕೊಡುವವರನ್ನು ದಿನಾ ನೋಡಬಹುದು. ಹಾಟ್ ವೀಲ್ಸ್‌ನಲ್ಲಿ ಅದು ಸಾಮಾನ್ಯವಾಗಿ ಆ ಅಚ್ಚು ರೂಪುಗೊಂಡ ಕಾಲದ್ದು. ಅದೇ ಅಚ್ಚಿನಿಂದ ಹೋದ ವಾರವೂ ಕಾರು ಇಳಿದಿರಬಹುದು. ಯಾವಾಗ ಇಳಿಯಿತು ಅನ್ನುವುದಕ್ಕೆ ಪಕ್ಕದಲ್ಲೆಲ್ಲೋ ಒಂದು ಅಕ್ಷರ, ಎರಡು ಅಂಕಿ ಒತ್ತಿರುತ್ತಾರೆ. ಅಕ್ಷರ ವರ್ಷಕ್ಕೆ, ಅಂಕಿ ವಾರಕ್ಕೆ. ಮಾರುವವರು ಫೋಟೋದಲ್ಲಿ ತೋರಿಸುವುದು ಇಸವಿಯನ್ನೇ. ಆ ಅಕ್ಷರ, ಅಂಕಿಯ ಮೇಲೆ ಅದು ಹೇಗೋ ಅವರ ಹೆಬ್ಬೆರಳು ಕೂತುಬಿಟ್ಟಿರುತ್ತದೆ.

ಕೊಕ್ಕೆಯ ಹಿಂದಿನ ತನಕ ಬೆರಳು ಹೋಗುವುದಕ್ಕೆ ದೊಡ್ಡ ಕಾರಣ ಟ್ರೆಷರ್ ಹಂಟ್, ಅಂದರೆ ಹಾಟ್ ವೀಲ್ಸ್‌ನವರು ಮಾಮೂಲಿ ಕಾರುಗಳ ನಡುವೆ ಸೇರಿಸಿ ಕಳಿಸುವ ಅಪರೂಪದ ಕಾರುಗಳು. 1995ರಲ್ಲಿ ಶುರುವಾದಾಗ 12 ಕಾರು, ಒಂದೊಂದನ್ನೂ ಮಾಡಿದ್ದು ಹತ್ತು ಸಾವಿರ ಮಾತ್ರ. 2007ರಿಂದ ಅದರಲ್ಲೂ ಎರಡು ಜಾತಿಯಾಯಿತು, ಮಾಮೂಲಿ ಮತ್ತು ಸೂಪರ್. ಸೂಪರ್‌ಗೆ ರಬ್ಬರ್ ಟೈರು, ಒಳಗಿಂದ ಮಿನುಗುವ ಬಣ್ಣ, ಮೈಮೇಲೆಲ್ಲೋ ಟಿಎಚ್ ಅನ್ನುವ ಪುಟ್ಟ ಗುರುತು. ಬೆಲೆ ಮಾತ್ರ ಪಕ್ಕದ ಶಾರ್ಕಿನದ್ದೇ. ಯಾರೋ ಮಗು ಅದನ್ನು ತೆಗೆದುಕೊಂಡು ಹೋಗಿ ಮಣ್ಣಲ್ಲಿ ಓಡಿಸಿ ಚಕ್ರ ಕಿತ್ತಿರುತ್ತದೆ ಅಂತ ನೆನೆದು ಸಂಕಟಪಡುವವರಿದ್ದಾರೆ. ನನಗೆ ಅದರಲ್ಲಿ ಸಂಕಟ ಕಾಣುವುದಿಲ್ಲ. ಪೆಟ್ಟಿಗೆ ಒಡೆಯುವ ಮೊದಲೇ ಅಂಗಡಿಯ ಒಳಗಿನವರ ಕೈ ಸೇರಿ, ಮರುದಿನ ಹತ್ತು ಪಟ್ಟು ಬೆಲೆಗೆ ಕಾಣಿಸಿಕೊಳ್ಳುತ್ತದಲ್ಲ, ಅದು ಸಂಕಟ. ಅಂಥವರನ್ನು ಸ್ಕ್ಯಾಲ್ಪರ್ ಎಂದು ಬೈಯುತ್ತೇವೆ. ಬೈದ ಬಾಯಲ್ಲೇ "ಇನ್ನೊಂದಿದ್ದರೆ ಹೇಳಿ" ಎಂದು ಅವರಿಗೇ ಮೆಸೇಜು ಕಳಿಸುವವರೂ ನಮ್ಮಲ್ಲೇ ಇದ್ದಾರೆ.

ಇನ್ನು ಕೆಲವರದ್ದು ಬಚ್ಚಿಡುವ ಬುದ್ಧಿ. ಕೈಯಲ್ಲಿ ಇವತ್ತು ದುಡ್ಡಿಲ್ಲ, ಸಂಬಳ ಬಂದಾಗ ಬರೋಣ ಅಂತ ಕಾರನ್ನು ಗೊಂಬೆಗಳ ಹಿಂದೆಯೋ ಡೈಪರ್ ಕಟ್ಟುಗಳ ನಡುವೆಯೋ ತುರುಕಿ ಹೋಗುತ್ತಾರೆ. ಇದು ಗೊತ್ತಿರುವ ಇನ್ನೊಬ್ಬ ಸಂಗ್ರಾಹಕ ಮೊದಲು ಡೈಪರ್ ಸಾಲನ್ನೇ ಜಾಲಾಡುತ್ತಾನೆ. ಮನೆಯಲ್ಲಿ ಮಗು ಇಲ್ಲದವನು ಡೈಪರ್ ಮುಂದೆ ಅಷ್ಟು ಹೊತ್ತು ನಿಂತರೆ ಅಕ್ಕನ ಮಗನ ವಯಸ್ಸನ್ನು ಒಂದಷ್ಟು ಇಳಿಸಬೇಕಾಗುತ್ತದೆ.

ಮನೆಗೆ ತಂದ ಮೇಲೆ ಬಿಚ್ಚಬೇಕೋ ಬೇಡವೋ ಅನ್ನುವುದು ಮುಗಿಯದ ಜಗಳ. ಬಿಚ್ಚದವರ ಮನೆಯಲ್ಲಿ ಗೋಡೆ ತುಂಬಾ ರಟ್ಟು. ಮೂಲೆ ಮಡಚಿದ ರಟ್ಟಾದರೆ ಅಂಗಡಿಯಲ್ಲೇ ಬೇಡ ಅನ್ನುತ್ತಾರೆ. ನಾನು ಬಿಚ್ಚುವ ಪಕ್ಷ. 1968ರಲ್ಲಿ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ತಂದಾಗ ಅದರ ಹೆಚ್ಚುಗಾರಿಕೆ ಇದ್ದದ್ದೇ ಚಕ್ರದಲ್ಲಿ. ತೆಳ್ಳಗಿನ ತಂತಿಯ ಆಕ್ಸಲ್, ಕಡಿಮೆ ಉಜ್ಜುವ ಚಕ್ರ, ತಳ್ಳಿದರೆ ನಿಲ್ಲದ ಓಟ. ಮ್ಯಾಚ್‌ಬಾಕ್ಸ್‌ನವರು ಮರುವರ್ಷವೇ ಸೂಪರ್‌ಫಾಸ್ಟ್ ಅಂತ ಚಕ್ರ ಬದಲಿಸಿಕೊಳ್ಳಬೇಕಾಯಿತು. ಅಂಥ ಚಕ್ರವನ್ನು ಒಂದು ಸುತ್ತೂ ತಿರುಗಿಸದೆ ಪ್ಲಾಸ್ಟಿಕ್ಕಿನೊಳಗೆ ಕೂರಿಸಿ ನೋಡುವುದು ನನ್ನ ಕೈಲಾಗದು. ಹರಿದು, ಮೇಜಿನ ಮೇಲೆ ಒಂದು ಸಲ ಬಿಡುತ್ತೇನೆ. ಎಡಕ್ಕೆ ವಾಲಿದರೆ ಆಕ್ಸಲನ್ನು ಉಗುರಲ್ಲಿ ಒಂದಿಷ್ಟು ಮೀಟಿ ಸರಿ ಮಾಡುತ್ತೇನೆ.

ಬಿಚ್ಚದ ಪಕ್ಷದ ನನ್ನ ಗೆಳೆಯನಿಗೆ ಇದರಿಂದ ಬೇಜಾರಿಲ್ಲ. "ನೀನು ಒಂದೊಂದು ಹರಿದಾಗಲೂ ನನ್ನ ಗೋಡೆ ಮೇಲಿರೋದು ಇನ್ನೂ ಅಪರೂಪ ಆಗುತ್ತೆ ಮಾರಾಯ. ಹರಿ, ಹರಿ" ಅನ್ನುತ್ತಾನೆ.